ಬಿಷಪ್, ಪ್ರೆಸ್ಬಿಟರ್, ಡೀಕನ್: ಈ ಪದವಿಗಳು ಮೊದಲ ದಿನದಿಂದ ಇದ್ದವಾ, ಆಮೇಲೆ ಬಂದವಾ?

ಬಂಟ್ವಾಳ ಓದುಗ:
ಎಲ್ಲರಿಗೂ ನಮಸ್ಕಾರ. ಇವತ್ತು ಬಿಷಪ್ ಅಂದರೆ ಒಂದು ಪ್ರದೇಶದ ಅಷ್ಟೂ ಚರ್ಚುಗಳಿಗೆ ಒಬ್ಬರು. ಅವರ ಕೆಳಗೆ ಪ್ರೆಸ್ಬಿಟರ್‌ಗಳು ಅಂದರೆ ಪಾದ್ರಿಗಳು, ಆಮೇಲೆ ಅವರಿಗೆ ನೆರವಾಗುವ ಡೀಕನ್‌ಗಳು. ಕ್ಯಾಥೊಲಿಕರಲ್ಲಿ ಎಲ್ಲರ ಮೇಲೆ ಪೋಪ್. ಈ ಮೆಟ್ಟಿಲು ಯೇಸುವಿನ ಶಿಷ್ಯರ ಕಾಲದಲ್ಲೇ ಇತ್ತಾ? ನಮ್ಮ ಗೆಳೆಯರಲ್ಲಿ ಎರಡು ಪಂಗಡ ಆಗಿದೆ. ಪೇತ್ರನ ಕಾಲದಿಂದಲೇ ಎಲ್ಲ ಇತ್ತು ಅಂತ ಒಂದು ಪಂಗಡ. ಎಲ್ಲವನ್ನೂ ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿ ಕಟ್ಟಿದ್ದು, ಅದಕ್ಕೂ ಮುಂಚೆ ಬರೀ ಮನೆಗಳಲ್ಲಿ ಸೇರುತ್ತಿದ್ದರು ಅಂತ ಇನ್ನೊಂದು. ಇಬ್ಬರೂ ಗಟ್ಟಿ ದನಿಯಲ್ಲಿ ಹೇಳುತ್ತಾರೆ, ದಾಖಲೆ ಮಾತ್ರ ಯಾರೂ ಕೊಡುವುದಿಲ್ಲ. ಆ ಕಾಲದವರೇ ಬರೆದಿಟ್ಟದ್ದರಲ್ಲಿ ಏನಿದೆ ಅಂತ ಗೊತ್ತಿದ್ದವರು ಹೇಳಿ.

ಗಡಿಯಾರ ಕಂಬ:
ಕಾನ್‌ಸ್ಟಂಟೈನ್‌ದೇ ಕೆಲಸ. 325ರಲ್ಲಿ ನೈಸಿಯಾ ಪಟ್ಟಣದ ಮಹಾಸಭೆಯಲ್ಲಿ ಎಲ್ಲರನ್ನೂ ಕೂರಿಸಿ ನಿಯಮ ಮಾಡಿಸಿದ. ಅದಕ್ಕೂ ಮೊದಲು ಪದವಿ ಗಿದವಿ ಏನೂ ಇರಲಿಲ್ಲ.

ದಾವಣಗೆರೆ ಮೇಷ್ಟ್ರು:
ಗಡಿಯಾರ ಕಂಬ ಅವರೇ, ಒಂದು ನಿಮಿಷ ಯೋಚಿಸಿ. ನೈಸಿಯಾಕ್ಕೆ ಬಂದವರು ಯಾರು? ಬಿಷಪ್‌ಗಳೇ ಅಲ್ವಾ? ಇಲ್ಲದ ಬಿಷಪ್‌ಗಳನ್ನು ಚಕ್ರವರ್ತಿ ಕರೆಸುವುದು ಹೇಗೆ?

ಹಳೆಯದರಿಂದ ಶುರು ಮಾಡೋಣ. ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರ ಕ್ರಿ.ಶ. 50ರಿಂದ 60ರ ಆಸುಪಾಸಿನದು. ಮೊದಲ ಸಾಲಿನಲ್ಲೇ ‘ಎಪಿಸ್ಕೊಪೊಸ್’ ಮತ್ತು ‘ದಿಯಾಕೊನೊಸ್’ ಎರಡೂ ಬರುತ್ತವೆ. ಬಿಷಪ್, ಡೀಕನ್ ಅನ್ನುವ ಮಾತುಗಳು ಹುಟ್ಟಿದ್ದು ಈ ಗ್ರೀಕ್ ಪದಗಳಿಂದ. ನಮ್ಮ ಕನ್ನಡ ಬೈಬಲಿನಲ್ಲಿ ಸಭಾಧ್ಯಕ್ಷರು, ಸಭಾಸೇವಕರು ಅಂತಿದೆ. ಗಮನಿಸಬೇಕಾದ್ದು ಒಂದೇ: ಎರಡೂ ಬಹುವಚನ. ಒಂದು ಊರಿನ ಒಂದು ಸಣ್ಣ ಸಭೆ, ಅದಕ್ಕೆ ಹಲವು ಎಪಿಸ್ಕೊಪೊಸ್‌ಗಳು. ಅಂದರೆ ಹೆಸರು ಮೊದಲಿನಿಂದ ಇದೆ, ಆದರೆ ಅದು ಇವತ್ತಿನ ಬಿಷಪ್ ಹುದ್ದೆ ಅಲ್ಲ.

ಬೈಬಲಿನ ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯ ತೆಗೆಯಿರಿ. ಪೌಲ ಮಿಲೇತಕ್ಕೆ ಬಂದು ಎಫೆಸದ ಸಭೆಯ ಹಿರಿಯರನ್ನು ಕರೆಸುತ್ತಾನೆ. ಅಲ್ಲಿರುವ ಮಾತು ‘ಪ್ರೆಸ್ಬಿಟೆರೊಸ್’, ಪ್ರೆಸ್ಬಿಟರ್ ಅನ್ನುವುದು ಇದರಿಂದ ಬಂತು. ಹತ್ತು ವಚನ ದಾಟುವಷ್ಟರಲ್ಲಿ ಅದೇ ಜನರಿಗೆ ನೀವು ಎಪಿಸ್ಕೊಪೊಸ್‌ಗಳು ಅನ್ನುತ್ತಾನೆ. ತೀತನಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೂ ಹೀಗೇ. ಆಗ ಅವೆರಡೂ ಬೇರೆ ಬೇರೆ ಮೆಟ್ಟಿಲಲ್ಲ, ಒಂದೇ ಗುಂಪಿಗೆ ಇದ್ದ ಎರಡು ಹೆಸರು.

ಕಾಫಿತೋಟ:
ಮೇಷ್ಟ್ರೇ, ಇದನ್ನು ನಮ್ಮ ಧರ್ಮೋಪದೇಶದ ತರಗತಿಯಲ್ಲಿ ಯಾರೂ ಹೇಳಿರಲಿಲ್ಲ. ಮಿಲೇತದ ಭಾಗ ನೂರು ಸಲ ಕೇಳಿದ್ದೇನೆ, ಇದನ್ನು ಗಮನಿಸಿರಲಿಲ್ಲ.

ಬೆಂದೂರ್ ಬಾಯಿ:
ನಾನು ಕ್ಯಾಥೊಲಿಕ್. ಮೊದಲ ಪಂಗಡದ ಪರ ಮಾತಾಡುತ್ತೇನೆ. ಹೆಸರುಗಳು ಅದಲು ಬದಲಾಗಿದ್ದವು ಅನ್ನುವುದನ್ನು ನಮ್ಮವರೂ ಒಪ್ಪುತ್ತಾರೆ. ಆದರೆ ಅಧಿಕಾರ ಅಪೊಸ್ತಲರ, ಅಂದರೆ ಯೇಸು ಕಳಿಸಿದ ಮೊದಲ ಶಿಷ್ಯರ, ಕೈಯಿಂದ ಮುಂದಿನವರ ಕೈಗೆ ಹೋಯಿತು ಅನ್ನುವುದು ಮುಖ್ಯ. ಸುಮಾರು 96ರಲ್ಲಿ ರೋಮಿನ ಸಭೆ ಕೊರಿಂಥದ ಸಭೆಗೆ ಒಂದು ಉದ್ದ ಪತ್ರ ಬರೆಯಿತು. ಅದನ್ನು ಕ್ಲೆಮೆಂಟನ ಪತ್ರ ಅನ್ನುತ್ತಾರೆ. ಕೊರಿಂಥದವರು ತಮ್ಮ ಕೆಲವು ಹಿರಿಯರನ್ನು ಹುದ್ದೆಯಿಂದ ಇಳಿಸಿದ್ದರು. ಅದು ತಪ್ಪು ಅಂತ ರೋಮಿನವರು ವಾದಿಸಿದರು. ಅಪೊಸ್ತಲರೇ ಇವರನ್ನು ನೇಮಿಸಿದರು, ಇವರು ಸತ್ತರೆ ಮುಂದೆ ಯೋಗ್ಯರು ಬರಬೇಕು ಅಂತ ವ್ಯವಸ್ಥೆ ಮಾಡಿದ್ದರು ಅಂತ ಅದರಲ್ಲಿ ಸ್ಪಷ್ಟವಾಗಿದೆ. ಇದು ಕಾನ್‌ಸ್ಟಂಟೈನ್‌ಗಿಂತ ಇನ್ನೂರು ವರ್ಷ ಹಿಂದಿನದು.

ಇನ್ನು 180ರ ಸುಮಾರಿಗೆ ಲಿಯೊನಿನ ಐರೇನಿಯಸ್ ರೋಮಿನ ಬಿಷಪ್‌ಗಳ ಪಟ್ಟಿಯನ್ನೇ ಕೊಡುತ್ತಾನೆ. ಲೀನಸ್, ಅನಕ್ಲೆಟಸ್, ಕ್ಲೆಮೆಂಟ್, ಹೀಗೆ ತನ್ನ ಕಾಲದ ಎಲ್ಯೂಥೆರಸ್‌ವರೆಗೆ ಹನ್ನೆರಡು ಹೆಸರು.

ಗಡಿಯಾರ ಕಂಬ:
ಆ ಕ್ಲೆಮೆಂಟನ ಪತ್ರದಲ್ಲಿ ಕ್ಲೆಮೆಂಟನ ಹೆಸರಿದೆಯಾ?

ಬೆಂದೂರ್ ಬಾಯಿ:
ಒಳಗೆ ಇಲ್ಲ. ರೋಮಿನ ಸಭೆಯ ಹೆಸರಲ್ಲಿ ಬರೆದದ್ದು. ಆದರೆ ಎರಡನೇ ಶತಮಾನದಿಂದಲೂ ಅವನ ಹೆಸರೇ ಅದಕ್ಕೆ ಅಂಟಿದೆ.

ಗಡಿಯಾರ ಕಂಬ:
ನನ್ನ ವಾದವೂ ಅದೇ. ರೋಮಿನಲ್ಲಿ ಒಬ್ಬ ಬಿಷಪ್ ಇದ್ದಿದ್ದರೆ ಅವನ ಹೆಸರಲ್ಲೇ ಪತ್ರ ಹೋಗುತ್ತಿತ್ತು. ನಾವು ಅನ್ನುವ ದನಿಯಲ್ಲಿ ಹೋಗುತ್ತಿರಲಿಲ್ಲ.

ದಾವಣಗೆರೆ ಮೇಷ್ಟ್ರು:
ಇಲ್ಲಿ ಗಡಿಯಾರ ಕಂಬ ಅವರ ಮಾತಿನಲ್ಲಿ ಹುರುಳಿದೆ. ಆ ಪತ್ರದಲ್ಲೂ ಎಪಿಸ್ಕೊಪೊಸ್ ಮತ್ತು ಹಿರಿಯರು ಬೇರೆ ಬೇರೆ ಅಂತ ಕಾಣುವುದಿಲ್ಲ. ಎರಡನೇ ಶತಮಾನದ ಮೊದಲರ್ಧದಲ್ಲಿ ರೋಮಿನಲ್ಲೇ ಹೆರ್ಮಾಸ್ ಅನ್ನುವವನು ತನ್ನ ದರ್ಶನಗಳನ್ನು ಬರೆದಿಟ್ಟ. ಅವನೂ ಸಭೆಯನ್ನು ನಡೆಸುವ ಹಿರಿಯರು ಅಂತ ಬಹುವಚನದಲ್ಲೇ ಹೇಳುತ್ತಾನೆ.

ಐರೇನಿಯಸ್ ಪಟ್ಟಿಯನ್ನು ಸುಳ್ಳು ಅನ್ನುವುದು ಸರಿಯಲ್ಲ. ಆ ಹೆಸರಿನವರು ರೋಮಿನ ಮುಖ್ಯ ಹಿರಿಯರಾಗಿ ಇದ್ದಿರಬಹುದು. ಆದರೆ ತನ್ನ ಕಾಲದ ಬಿಷಪ್ ಹುದ್ದೆಯನ್ನು ಅವನು ಹಿಂದಿನವರ ಮೇಲೂ ಹೊದಿಸಿದ ಅಂತ ಬಹಳ ಇತಿಹಾಸಕಾರರು ಅನ್ನುತ್ತಾರೆ. ನನಗೂ ಹಾಗೇ ಕಾಣುತ್ತದೆ.

ಟೊರೊಂಟೊ ಕನ್ನಡತಿ:
ನಾನು ಇಲ್ಲಿ ಹಳೇ ಗ್ರೀಕ್ ಕಲಿಯುತ್ತಿದ್ದೇನೆ, ಈ ವಿಷಯ ತುಂಬಾ ಇಷ್ಟ. ಯಾರೂ ಇನ್ನೂ ಇಗ್ನೇಷಿಯಸ್ ಹೆಸರು ಎತ್ತಲಿಲ್ಲವಲ್ಲ! ಅವನಿಲ್ಲದೆ ಈ ಚರ್ಚೆ ನಡೆಯುವುದೇ ಇಲ್ಲ.

ಅವನು ಸಿರಿಯಾದ ಅಂತಿಯೋಕ್ಯದ ಬಿಷಪ್. ಟ್ರಾಜನ್ ಚಕ್ರವರ್ತಿಯ ಕಾಲದಲ್ಲಿ, ಸುಮಾರು 110ರ ಆಸುಪಾಸಿನಲ್ಲಿ, ಸೈನಿಕರು ಅವನನ್ನು ಮರಣದಂಡನೆಗೆ ರೋಮಿಗೆ ಕರೆದೊಯ್ಯುತ್ತಿದ್ದರು. ದಾರಿಯಲ್ಲಿ ಏಳು ಪತ್ರ ಬರೆದ. ಅದರಲ್ಲಿ ಮೂರು ಮೆಟ್ಟಿಲು ನಿಚ್ಚಳವಾಗಿ ಕಾಣುತ್ತದೆ: ಒಬ್ಬ ಬಿಷಪ್, ಸುತ್ತ ಹಿರಿಯರ ಮಂಡಳಿ, ಜೊತೆಗೆ ಡೀಕನ್‌ಗಳು. ಬಿಷಪ್ ಇಲ್ಲದೆ ಏನೂ ಮಾಡಬೇಡಿ ಅಂತ ಊರೂರಿಗೂ ಹೇಳುತ್ತಾನೆ. ಎಫೆಸಕ್ಕೆ ಒನೇಸಿಮ, ಮಗ್ನೇಸಿಯಾಕ್ಕೆ ದಮಾಸ್, ತ್ರಲ್ಲೆಸ್‌ಗೆ ಪಾಲಿಬಿಯಸ್ ಅಂತ ಒಬ್ಬೊಬ್ಬರ ಹೆಸರೂ ಇದೆ. ದಮಾಸ್ ಇನ್ನೂ ಚಿಕ್ಕ ವಯಸ್ಸಿನವನು, ಅದಕ್ಕೆ ಅವನನ್ನು ಹಗುರವಾಗಿ ನೋಡಬೇಡಿ ಅಂತ ಜನರಿಗೆ ಬುದ್ಧಿ ಹೇಳುತ್ತಾನೆ.

ಏಳರಲ್ಲಿ ಒಂದು ಪತ್ರ ರೋಮಿನ ಸಭೆಗೆ. ಅದೊಂದರಲ್ಲಿ ಮಾತ್ರ ಆ ಊರಿನ ಬಿಷಪ್ ಬಗ್ಗೆ ಮಾತೇ ಇಲ್ಲ. ಬಿಷಪ್ ಬಿಷಪ್ ಅಂತ ಇಷ್ಟು ಒತ್ತಿ ಹೇಳುವ ಮನುಷ್ಯ ರೋಮಿನವನನ್ನು ಯಾಕೆ ಬಿಟ್ಟ?

ಬೆಂದೂರ್ ಬಾಯಿ:
ಹೆಸರು ಹೇಳಿದರೆ ಹಿಂಸೆಯ ಕಾಲದಲ್ಲಿ ಅವನಿಗೆ ಅಪಾಯ ಆಗಬಹುದಿತ್ತು.

ಟೊರೊಂಟೊ ಕನ್ನಡತಿ:
ಬೇರೆ ಊರಿನವರ ಹೆಸರು ಹೇಳಿದ್ದಾನಲ್ಲ ಅಕ್ಕ, ಅವರಿಗೂ ಅಪಾಯವೇ. ಇನ್ನೊಂದು ನೋಡಿ. ಅದೇ ಕಾಲದಲ್ಲಿ ಸ್ಮುರ್ನದ ಪಾಲಿಕಾರ್ಪ್ ಫಿಲಿಪ್ಪಿಗೆ ಬರೆದ ಪತ್ರವಿದೆ. ಅದರಲ್ಲಿ ಹಿರಿಯರು, ಡೀಕನ್‌ಗಳು ಮಾತ್ರ. ಫಿಲಿಪ್ಪಿಯಲ್ಲಿ ಒಬ್ಬನೇ ಬಿಷಪ್ ಇದ್ದ ಸುಳಿವೇ ಇಲ್ಲ. ಹಾಗಾಗಿ ಯಾವಾಗ ಶುರುವಾಯಿತು ಅಂತ ಕೇಳಿದರೆ ಯಾವ ಊರಲ್ಲಿ ಅಂತ ತಿರುಗಿ ಕೇಳಬೇಕಾಗುತ್ತದೆ. ಸಿರಿಯಾ ಮತ್ತು ಇವತ್ತಿನ ಟರ್ಕಿಯ ಪಶ್ಚಿಮ ಭಾಗ ಮೊದಲು, ಗ್ರೀಸ್ ಮತ್ತು ರೋಮ್ ಆಮೇಲೆ.

ಹಂಪನಕಟ್ಟೆ:
ಇಗ್ನೇಷಿಯಸ್ ಪತ್ರಗಳ ಕಾಲದ ಬಗ್ಗೆ ತಕರಾರಿದೆ. ಎರಡನೇ ಶತಮಾನದ ನಡುವಿನದು ಅನ್ನುವ ವಿದ್ವಾಂಸರೂ ಇದ್ದಾರೆ.

ಟೊರೊಂಟೊ ಕನ್ನಡತಿ:
ನಿಜ. ಆದರೂ ಕಾನ್‌ಸ್ಟಂಟೈನ್‌ಗಿಂತ ನೂರೈವತ್ತು ವರ್ಷ ಮೊದಲು ಅನ್ನುವುದು ಅಲ್ಲಾಡುವುದಿಲ್ಲ. ಇನ್ನು ಒತ್ತಿ ಒತ್ತಿ ಹೇಳುವುದು ನೋಡಿದರೆ, ಅವನ ಕಾಲದಲ್ಲೂ ಎಲ್ಲರೂ ಇದನ್ನು ಒಪ್ಪಿರಲಿಲ್ಲ ಅಂತಲೇ ನನಗನ್ನಿಸುತ್ತದೆ. ಎಲ್ಲರೂ ಒಪ್ಪಿದ್ದನ್ನು ಯಾರೂ ಅಷ್ಟು ಸಲ ಹೇಳುವುದಿಲ್ಲ.

ಬಂಟ್ವಾಳ ಓದುಗ:
ಬಹಳ ಉಪಕಾರ ಆಯಿತು. ಹಾಗಾದರೆ ಮುಂದಿನ ಪ್ರಶ್ನೆ. ಹಲವರು ಇದ್ದದ್ದು ಒಬ್ಬ ಯಾಕಾದ? ಹಿರಿಯರ ಗುಂಪು ಚೆನ್ನಾಗಿ ನಡೆಸುತ್ತಿದ್ದರೆ ಒಬ್ಬನ ಕೈಗೆ ಕೊಡುವ ಅಗತ್ಯ ಏನಿತ್ತು?

ಸೊಸೈಟಿ ಲೆಕ್ಕಿಗ:
ಇದಕ್ಕೆ ನನ್ನ ಉತ್ತರ: ದುಡ್ಡು. ದಯವಿಟ್ಟು ತಪ್ಪು ತಿಳಿಯಬೇಡಿ, ಕೆಟ್ಟ ಅರ್ಥದಲ್ಲಿ ಹೇಳುತ್ತಿಲ್ಲ. ನಾನು ಸಹಕಾರಿ ಸಂಘದಲ್ಲಿ ಕೆಲಸ ಮಾಡಿದವನು. ಬಡವರಿಗೆ ಅಂತ ಕೂಡಿಟ್ಟ ಹಣಕ್ಕೆ ಒಬ್ಬ ಹೊಣೆಗಾರ ಬೇಕೇ ಬೇಕು. ಹತ್ತು ಜನ ಹೊಣೆ ಅಂದರೆ ಯಾರೂ ಹೊಣೆಯಲ್ಲ.

ಸುಮಾರು 150ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಭಾನುವಾರದ ಕೂಟವನ್ನು ವಿವರಿಸಿದ್ದಾನೆ. ಅನುಕೂಲ ಇದ್ದವರು ತಮ್ಮ ಮನಸ್ಸಿಗೆ ಬಂದಷ್ಟು ಕೊಡುತ್ತಾರೆ. ಅದು ಕೂಟ ನಡೆಸುವವನ ಬಳಿ ಸೇರುತ್ತದೆ. ಅವನು ಅದರಿಂದ ಅನಾಥರು, ವಿಧವೆಯರು, ಕಾಯಿಲೆಯವರು, ಸೆರೆಯಲ್ಲಿರುವವರು, ಊರಿಗೆ ಬಂದ ಪರದೇಶಿಗಳು, ಎಲ್ಲರನ್ನೂ ನೋಡಿಕೊಳ್ಳುತ್ತಾನೆ. ಪ್ರಾರ್ಥನೆ ನಡೆಸುವವನೂ ಅವನೇ, ಗಂಟು ಹಿಡಿದವನೂ ಅವನೇ. ಇವೆರಡೂ ಒಂದೇ ಕೈಗೆ ಬಂದ ಮೇಲೆ ಅವನು ಉಳಿದ ಹಿರಿಯರಿಗಿಂತ ಮೇಲೇರುವುದು ಸಹಜ.

ಪಾಲಿಕಾರ್ಪನ ಪತ್ರದ ಮಾತು ಬಂತಲ್ಲ, ಅದರಲ್ಲೇ ವಲೆನ್ಸ್ ಅನ್ನುವ ಹಿರಿಯನ ಕಥೆ ಇದೆ. ದುಡ್ಡಿನ ಆಸೆಗೆ ಬಿದ್ದು ಹುದ್ದೆ ಕಳೆದುಕೊಂಡ. ಆದರೂ ಅವನನ್ನೂ ಅವನ ಹೆಂಡತಿಯನ್ನೂ ಶತ್ರುಗಳ ಹಾಗೆ ನೋಡಬೇಡಿ ಅಂತ ಪಾಲಿಕಾರ್ಪ್ ಬೇಡಿಕೊಳ್ಳುತ್ತಾನೆ. ತಿಮೊಥೆಗೆ ಬರೆದ ಮೊದಲ ಪತ್ರದಲ್ಲೂ ಎಪಿಸ್ಕೊಪೊಸ್ ಆಗುವವನು ಹಣದಾಸೆ ಇಲ್ಲದವನಾಗಿರಬೇಕು, ತನ್ನ ಮನೆ ಚೆನ್ನಾಗಿ ನಡೆಸುವವನಾಗಿರಬೇಕು ಅಂತಿದೆ. ಯಾಕೆ ಅಷ್ಟು ಒತ್ತಿ ಹೇಳಿದರು? ಸಭೆಯ ಗಂಟು ಅವನ ಕೈಯಲ್ಲಿ ಇರುತ್ತಿತ್ತು, ಅದಕ್ಕೆ.

ಹಂಪನಕಟ್ಟೆ:
ದುಡ್ಡು ಒಂದೇ ಕಾರಣ ಅಲ್ಲ. ತಪ್ಪು ಬೋಧನೆಯ ಭಯವೂ ಇತ್ತು. ಮಾರ್ಸಿಯನ್, ವ್ಯಾಲೆಂಟೈನಸ್ ಅಂಥವರು ರೋಮಿಗೇ ಬಂದು ತಮ್ಮದೇ ಬೋಧನೆ ಶುರು ಮಾಡಿದರು. ಯಾರ ಮಾತು ಸರಿ ಅಂತ ಕೇಳಿದರೆ ಒಬ್ಬನ ಕಡೆ ಬೆರಳು ತೋರಿಸುವುದು ಸುಲಭ. ಐರೇನಿಯಸ್ ಪಟ್ಟಿ ಹುಟ್ಟಿದ್ದೇ ಆ ಜಗಳದಲ್ಲಿ. ಊರಿನಿಂದ ಊರಿಗೆ ಪತ್ರ ಹೋಗುವಾಗಲೂ ಒಬ್ಬನ ಹೆಸರು ಬೇಕು.

ದಾವಣಗೆರೆ ಮೇಷ್ಟ್ರು:
ಇಬ್ಬರದೂ ಸೇರಿಸಿ. ಜೊತೆಗೆ ಅಲೆಮಾರಿ ಬೋಧಕರ ಸಮಸ್ಯೆಯನ್ನೂ ಸೇರಿಸಿ. ‘ದಿದಖೆ’ ಅಂತ ಬಹಳ ಹಳೆಯ ಒಂದು ಸಣ್ಣ ಕೈಪಿಡಿ ಇದೆ. 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನ ಒಂದು ಗ್ರಂಥಾಲಯದಲ್ಲಿ ಅದರ ಹಸ್ತಪ್ರತಿ ಸಿಕ್ಕಿತು. ಆಗ ಅಪೊಸ್ತಲರು, ಪ್ರವಾದಿಗಳು ಅನ್ನಿಸಿಕೊಂಡವರು ಊರೂರು ಸುತ್ತುತ್ತಿದ್ದರು. ಅವರ ಬಗ್ಗೆ ಕೈಪಿಡಿ ಹೇಳುವುದು ಹೀಗೆ: ಬಂದವನಿಗೆ ಊಟ ಹಾಕಿ, ಇರಲು ಜಾಗ ಕೊಡಿ. ಒಂದು ದಿನ, ಬೇಕಿದ್ದರೆ ಎರಡು ದಿನ ಇರಲಿ. ಮೂರನೇ ದಿನವೂ ಕೂತರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ದುಡ್ಡು ಕೇಳಿದರೂ ಸುಳ್ಳು ಪ್ರವಾದಿ. ಇಷ್ಟೆಲ್ಲ ಹೇಳಿ ಕೊನೆಯ ಕಡೆ ಒಂದು ಮಾತು ಬರುತ್ತದೆ: ನಿಮ್ಮಲ್ಲೇ ಯೋಗ್ಯರಾದ ಎಪಿಸ್ಕೊಪೊಸ್‌ಗಳನ್ನೂ ಡೀಕನ್‌ಗಳನ್ನೂ ಆರಿಸಿಕೊಳ್ಳಿ, ಅವರನ್ನು ಕಡೆಗಣಿಸಬೇಡಿ. ಸುತ್ತುವವರಿಂದ ಊರಲ್ಲೇ ಇರುವವರ ಕೈಗೆ ಅಧಿಕಾರ ಜಾರುವುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಆರಿಸುವವರು ಸಭೆಯ ಜನರೇ ಅನ್ನುವುದನ್ನೂ ಗಮನಿಸಿ.

ಬೆಳಗಾವಿ ಮಂದಿ:
ನಾ ಕ್ರೈಸ್ತ ಅಲ್ಲ, ಆದ್ರ ಇದು ಭಾಳ ಚಂದ ಚರ್ಚೆ ನಡದೈತಿ. ಒಂದು ಕೇಳ್ತೀನಿ. ಈ ಹೆಸರುಗಳು ಎಲ್ಲಿಂದ ಬಂದವು? ಕ್ರೈಸ್ತರೇ ಹೊಸದಾಗಿ ಮಾಡಿಕೊಂಡರೋ, ಮೊದಲ ಇದ್ದವೋ?

ಟೊರೊಂಟೊ ಕನ್ನಡತಿ:
ಎಲ್ಲ ಮೊದಲೇ ಇದ್ದವು ಅಣ್ಣಾ. ಎಪಿಸ್ಕೊಪೊಸ್ ಅಂದರೆ ಮೇಲ್ವಿಚಾರಕ. ಕ್ರಿಸ್ತಪೂರ್ವ ಐದನೇ ಶತಮಾನದಲ್ಲಿ ಅಥೆನ್ಸ್ ತನ್ನ ಅಧೀನದ ಊರುಗಳಿಗೆ ಆ ಹೆಸರಿನ ಅಧಿಕಾರಿಗಳನ್ನು ಕಳಿಸುತ್ತಿತ್ತು. ದಿಯಾಕೊನೊಸ್ ಅಂದರೆ ಊಟ ಬಡಿಸುವವನು, ಸುದ್ದಿ ಮುಟ್ಟಿಸುವವನು. ಹಿರಿಯರು ಅನ್ನುವುದು ಯೆಹೂದ್ಯರ ಸಭೆಗಳಿಂದ ಬಂದದ್ದು. 1913ರಲ್ಲಿ ಜೆರುಸಲೇಮಿನಲ್ಲಿ ಥಿಯೊಡೊಟಸ್ ಅನ್ನುವವನ ಗ್ರೀಕ್ ಶಾಸನ ಸಿಕ್ಕಿತು. ಅವನು ಸಭಾಮಂದಿರದ ಮುಖ್ಯಸ್ಥ, ಅವನ ಅಪ್ಪ, ಅಜ್ಜನೂ ಅದೇ ಹುದ್ದೆಯವರು. ಅದನ್ನು ಸ್ಥಾಪಿಸಿದವರಲ್ಲಿ ಹಿರಿಯರು ಅನ್ನುವವರೂ ಇದ್ದಾರೆ.

ಮೃತ ಸಮುದ್ರದ ಬಳಿ ಸಿಕ್ಕ ಸುರುಳಿಗಳಲ್ಲೂ ‘ಮೆಬಕ್ಕೆರ್’ ಅನ್ನುವ ಹುದ್ದೆ ಇದೆ. ಅದೂ ಮೇಲ್ವಿಚಾರಕನೇ. ಗುಂಪಿಗೆ ಯಾರು ಸೇರಬೇಕು ಅಂತ ಪರೀಕ್ಷೆ ಮಾಡುವವನು ಅವನು. ನೇರವಾಗಿ ಅಲ್ಲಿಂದಲೇ ಬಂತು ಅಂತ ಹೇಳಲು ಆಧಾರ ಇಲ್ಲ. ಆದರೆ ಆ ಕಾಲದ ಗುಂಪುಗಳಿಗೆ ಇಂಥ ಒಬ್ಬ ಬೇಕಿದ್ದ ಅನ್ನುವುದು ಗೊತ್ತಾಗುತ್ತದೆ.

ಗಮನ ಸೆಳೆಯುವುದು ಏನೆಂದರೆ, ಪೂಜಾರಿ ಅನ್ನುವುದಕ್ಕೆ ಗ್ರೀಕಿನಲ್ಲಿ ‘ಹಿಯೆರೆವುಸ್’ ಅಂತ ಮಾತಿತ್ತು. ಹೊಸ ಒಡಂಬಡಿಕೆ ಅದನ್ನು ಯೆಹೂದ್ಯ ಯಾಜಕರಿಗೆ ಬಳಸುತ್ತದೆ, ಕ್ರಿಸ್ತನಿಗೆ ಬಳಸುತ್ತದೆ, ನಂಬಿದವರೆಲ್ಲರೂ ಯಾಜಕರು ಅನ್ನುತ್ತದೆ. ಆದರೆ ಸಭೆಯ ನಾಯಕನಿಗೆ ಒಮ್ಮೆಯೂ ಆ ಹುದ್ದೆಯ ಹೆಸರು ಕೊಡುವುದಿಲ್ಲ. ಸುಮಾರು 200ರಲ್ಲಿ ಕಾರ್ಥೇಜಿನ ಟೆರ್ಟುಲಿಯನ್ ಬಿಷಪ್‌ನನ್ನು ಮಹಾಯಾಜಕ ಅನ್ನುವಷ್ಟು ಹೊತ್ತಿಗೆ ಲೋಕ ಬಹಳ ಬದಲಾಗಿತ್ತು.

ಕಾಫಿತೋಟ:
ಹೆಣ್ಣುಮಕ್ಕಳ ಬಗ್ಗೆ ಯಾರೂ ಮಾತಾಡಲಿಲ್ಲ. ರೋಮಾಪುರದವರ ಪತ್ರದ 16ನೇ ಅಧ್ಯಾಯದಲ್ಲಿ ಕೆಂಖ್ರೆಯ ಫೊಯಿಬೆ ಇದ್ದಾಳೆ. ಅವಳಿಗೆ ಪೌಲ ದಿಯಾಕೊನೊಸ್ ಅಂತಲೇ ಹೇಳುತ್ತಾನೆ. ಗಂಡಸರಿಗೆ ಸಭಾಸೇವಕ ಅಂತ ಪದವಿ, ಇವಳಿಗೆ ಬರೀ ಸೇವಕಿ ಅನ್ನುವ ಓದು ನನಗೆ ಮೊದಲಿನಿಂದ ನೋವು ತಂದಿದೆ.

ಹಂಪನಕಟ್ಟೆ:
ಪೌಲನ ಕಾಲದಲ್ಲಿ ಅದು ಪದವಿಯಾಗಿ ಗಟ್ಟಿಯಾಗಿತ್ತಾ ಅನ್ನುವುದೇ ಪ್ರಶ್ನೆ. ಗಂಡಸರಿಗೂ ಅದೇ ಪ್ರಶ್ನೆ ಕೇಳಬೇಕು. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದ ಏಳು ಜನ, ಸ್ತೆಫನ, ಫಿಲಿಪ್ಪ ಮುಂತಾದವರನ್ನು ಮೊದಲ ಡೀಕನ್‌ಗಳು ಅಂತ ನಾವೆಲ್ಲ ಕಲಿತಿದ್ದೇವೆ. ಆ ಪುಸ್ತಕದಲ್ಲಿ ಅವರನ್ನು ಎಲ್ಲೂ ಆ ಹೆಸರಿನಿಂದ ಕರೆದಿಲ್ಲ.

ಕಾಫಿತೋಟ:
ಸರಿ, ಪೌಲನನ್ನು ಬಿಡಿ. ಸುಮಾರು 112ರಲ್ಲಿ ಬಿಥೂನಿಯದ ರಾಜ್ಯಪಾಲ ಪ್ಲಿನಿ ಟ್ರಾಜನ್‌ಗೆ ಬರೆದ ಪತ್ರ ಇದೆ. ಅವನು ಕ್ರೈಸ್ತನಲ್ಲ, ಯಾರ ಪರವೂ ಅಲ್ಲ. ಕ್ರೈಸ್ತರ ಬಗ್ಗೆ ನಿಜ ತಿಳಿಯಲು ಇಬ್ಬರು ದಾಸಿಯರಿಗೆ ಚಿತ್ರಹಿಂಸೆ ಕೊಡಿಸಿದೆ ಅನ್ನುತ್ತಾನೆ. ಆ ಇಬ್ಬರನ್ನು ಅವರ ಸಭೆಯಲ್ಲಿ ‘ಮಿನಿಸ್ತ್ರೆ’ ಅಂತ ಕರೆಯುತ್ತಿದ್ದರಂತೆ. ಲ್ಯಾಟಿನ್‌ನಲ್ಲಿ ಸೇವಕಿ ಅನ್ನುವುದಕ್ಕೆ ಅದು. ಅವರು ಮನೆಯಲ್ಲಿ ದಾಸಿಯರು, ಸಭೆಯಲ್ಲಿ ಹೆಸರಿರುವ ಹೊಣೆಗಾರರು. ಹಿಂಸೆ ಕೊಟ್ಟವನೇ ಇದನ್ನು ದಾಖಲಿಸಿದ್ದಾನೆ. ಅವರ ಹೆಸರನ್ನು ಮಾತ್ರ ಬರೆಯಲಿಲ್ಲ.

ಟೊರೊಂಟೊ ಕನ್ನಡತಿ:
ಅಕ್ಕ, ಇದಕ್ಕೆ ಸೇರಿಸುತ್ತೇನೆ. ಮೂರನೇ ಶತಮಾನದ ಸಿರಿಯಾದಲ್ಲಿ ಹೆಂಗಸರು ದೀಕ್ಷಾಸ್ನಾನ ಪಡೆಯುವಾಗ ಎಣ್ಣೆ ಹಚ್ಚಲು, ಕಾಯಿಲೆ ಬಿದ್ದ ಹೆಂಗಸರ ಮನೆಗೆ ಹೋಗಲು ಡೀಕನೆಸ್‌ಗಳು ಇದ್ದರು. 451ರ ಕ್ಯಾಲ್ಸೆಡನ್ ಮಹಾಸಭೆ ಅವರಿಗೆ ಕನಿಷ್ಠ 40 ವರ್ಷ ಆಗಿರಬೇಕು ಅಂತ ನಿಯಮ ಮಾಡಿತು. ಇಲ್ಲದ ಹುದ್ದೆಗೆ ಯಾರೂ ವಯಸ್ಸು ನಿಗದಿ ಮಾಡುವುದಿಲ್ಲ.

ಗಡಿಯಾರ ಕಂಬ:
ಪೋಪ್ ವಿಷಯಕ್ಕೆ ಬರೋಣ. ಪೋಪ್ ಅನ್ನುವ ಪದವಿ ರೋಮಿನ ಚಕ್ರವರ್ತಿಯ ‘ಪೊಂಟಿಫೆಕ್ಸ್ ಮ್ಯಾಕ್ಸಿಮಸ್’ನಿಂದ ಬಂದದ್ದು. ಇದನ್ನಾದರೂ ಒಪ್ಪುತ್ತೀರಾ?

ದಾವಣಗೆರೆ ಮೇಷ್ಟ್ರು:
ಇಲ್ಲ, ಅವೆರಡೂ ಬೇರೆ. ‘ಪಾಪಾ’ ಅಂದರೆ ಅಪ್ಪ, ಮನೆಯಲ್ಲಿ ಮಕ್ಕಳು ಕರೆಯುವ ಮಾತು. ಮೊದಲು ಅದು ಸಿಗುವುದು ರೋಮಿನಲ್ಲಿ ಅಲ್ಲ, ಈಜಿಪ್ಟಿನಲ್ಲಿ. ಅಲೆಕ್ಸಾಂಡ್ರಿಯದ ಬಿಷಪ್ ಡಿಯೊನೀಸಿಯಸ್ ತನಗಿಂತ ಹಿಂದೆ ಇದ್ದ ಹೆರಾಕ್ಲಾಸ್‌ನನ್ನು ನಮ್ಮ ಪಾಪಾ ಅಂತ ನೆನೆಯುತ್ತಾನೆ. ಅದು ಮೂರನೇ ಶತಮಾನದ ನಡುಭಾಗ. ಅದೇ ಸುಮಾರಿಗೆ ಕಾರ್ಥೇಜಿನ ಸಿಪ್ರಿಯನ್‌ನನ್ನೂ ಹಾಗೆ ಕರೆಯುತ್ತಿದ್ದರು. ರೋಮಿನಲ್ಲಿ ಕಲಿಸ್ಟಸ್ ಸಮಾಧಿಗುಹೆಯ ಒಂದು ಶಾಸನದಲ್ಲಿ ಸೆವೆರಸ್ ಅನ್ನುವ ಡೀಕನ್ ತನ್ನ ಪಾಪಾ ಮಾರ್ಸೆಲಿನಸ್ ಅಂತ ಬರೆಸಿದ್ದಾನೆ. ಮಾರ್ಸೆಲಿನಸ್ ಬಿಷಪ್ ಆಗಿದ್ದದ್ದು 296ರಿಂದ 304ರವರೆಗೆ. ಆ ಹೆಸರು ರೋಮಿನವನೊಬ್ಬನಿಗೇ ಸಲ್ಲಬೇಕು ಅಂತ ಏಳನೇ ಗ್ರೆಗರಿ ಬರೆಸಿದ್ದು 1075ರಲ್ಲಿ.

ಪೊಂಟಿಫೆಕ್ಸ್ ಮ್ಯಾಕ್ಸಿಮಸ್ ಅಂದರೆ ರೋಮಿನ ಹಳೆಯ ಧರ್ಮದ ಮುಖ್ಯ ಪುರೋಹಿತ. ಚಕ್ರವರ್ತಿ ಗ್ರೇಷಿಯನ್ ನಾಲ್ಕನೇ ಶತಮಾನದ ಕೊನೆಯಲ್ಲಿ ಅದನ್ನು ಬಿಟ್ಟ. ಅವನು ಬಿಟ್ಟದ್ದನ್ನು ಮರುದಿನವೇ ಪೋಪ್ ಎತ್ತಿಕೊಂಡರು ಅನ್ನುವುದಕ್ಕೆ ದಾಖಲೆ ಇಲ್ಲ. ಪೋಪರಿಗೆ ಅದನ್ನು ಎಲ್ಲೆಡೆ ಕೆತ್ತಿಸುವ ರೂಢಿ ಬಂದದ್ದು ಸಾವಿರ ವರ್ಷ ಕಳೆದ ಮೇಲೆ.

ಬೆಂದೂರ್ ಬಾಯಿ:
ಮಹಾ ಗ್ರೆಗರಿಯನ್ನೂ ನೆನೆಯಬೇಕು. ಅವರು 590ರಿಂದ 604ರವರೆಗೆ ಪೋಪ್. ಕಾನ್‌ಸ್ಟಾಂಟಿನೋಪಲ್‌ನ ಯೊವಾನ್ನ ತನ್ನನ್ನು ವಿಶ್ವದ ಪೇಟ್ರಿಯಾರ್ಕ್, ಅಂದರೆ ಬಿಷಪ್‌ಗಳಿಗೂ ಹಿರಿಯ, ಅಂತ ಕರೆದುಕೊಂಡಾಗ ಗ್ರೆಗರಿ ಅದನ್ನು ಅಹಂಕಾರ ಅಂದರು. ತನಗೆ ವಿಶ್ವದ ಪೋಪ್ ಅಂತ ಬರೆದ ಅಲೆಕ್ಸಾಂಡ್ರಿಯದ ಬಿಷಪ್‌ಗೂ ಹಾಗೆ ಬರೆಯಬೇಡಿ ಅಂದರು. ದೇವರ ಸೇವಕರ ಸೇವಕ ಅನ್ನುವುದನ್ನು ತಮಗೆ ಬಳಸಿಕೊಂಡರು. ಇವತ್ತಿಗೂ ಪೋಪರ ಮುಖ್ಯ ಆಜ್ಞೆಗಳಲ್ಲಿ ಅದು ಇರುತ್ತದೆ. ನನಗೆ ಎಲ್ಲ ಪದವಿಗಳಲ್ಲಿ ಅದೇ ಹೆಚ್ಚು ಪ್ರೀತಿ.

ಬೆಳಗಾವಿ ಮಂದಿ:
ಅಂದ್ರ ಈಗ ಇಬ್ಬರು ಪೋಪ್ ಇದ್ದಾರಾ?

ಹಂಪನಕಟ್ಟೆ:
ಇಬ್ಬರಿಗಿಂತ ಹೆಚ್ಚೇ. ಈಜಿಪ್ಟಿನ ಕಾಪ್ಟಿಕ್ ಸಭೆಯ ಮುಖ್ಯಸ್ಥರಿಗೂ ಪೋಪ್ ಅಂತಲೇ ಹೆಸರು. 2012ರಿಂದ ಎರಡನೇ ತವದ್ರೋಸ್ ಇದ್ದಾರೆ. ಅಲೆಕ್ಸಾಂಡ್ರಿಯದ ಗ್ರೀಕ್ ಆರ್ಥೊಡಾಕ್ಸ್ ಪೇಟ್ರಿಯಾರ್ಕ್ ಕೂಡ ಪೋಪ್ ಅನ್ನುವ ಹೆಸರು ಉಳಿಸಿಕೊಂಡಿದ್ದಾರೆ.

ಸೊಸೈಟಿ ಲೆಕ್ಕಿಗ:
ಕಾನ್‌ಸ್ಟಂಟೈನ್ ಏನೂ ಮಾಡಲಿಲ್ಲ ಅಂತಲೂ ಅಲ್ಲ. ಇವತ್ತು ಒಬ್ಬ ಬಿಷಪ್‌ನ ಪ್ರದೇಶಕ್ಕೆ ಹೇಳುವ ಡಯಾಸಿಸ್ ಅನ್ನುವುದು ಡಯೊಕ್ಲೀಷಿಯನ್ ಚಕ್ರವರ್ತಿ ಮಾಡಿದ ಆಡಳಿತ ವಿಭಾಗದ ಹೆಸರು. ಅವನು ಕ್ರೈಸ್ತರನ್ನು ಹಿಂಸಿಸಿದವನು! ನೈಸಿಯಾದ ನಾಲ್ಕನೇ ನಿಯಮದ ಪ್ರಕಾರ ಬಿಷಪ್ ಆಯ್ಕೆಗೆ ಕನಿಷ್ಠ ಮೂವರು ಬಿಷಪ್‌ಗಳು ಸೇರಬೇಕು, ಪ್ರಾಂತ್ಯದ ಮೆಟ್ರೊಪಾಲಿಟನ್, ಅಂದರೆ ಮುಖ್ಯ ಪಟ್ಟಣದ ಬಿಷಪ್, ಒಪ್ಪಬೇಕು. ಹೀಗೆ ಅವನು ಉಳಿದವರಿಗಿಂತ ದೊಡ್ಡವನಾದ. ಸರ್ಕಾರದ ನಕ್ಷೆಯ ಮೇಲೆ ಸಭೆಯ ನಕ್ಷೆ ಕೂತಿತು. ನನ್ನ ಪ್ರಕಾರ ಗಡಿಯಾರ ಕಂಬ ಅವರ ವಾದಕ್ಕೆ ಜಾಗ ಇರುವುದು ಇಲ್ಲಿ.

ಬಾರ್ಕೂರು ದಾರಿ:
ನಮ್ಮ ಊರಿನ ಒಂದು ಸಂಗತಿ ಹೇಳಬೇಕು. ಉಡುಪಿ ಹತ್ತಿರ ಬ್ರಹ್ಮಾವರದಲ್ಲಿ ಕೊಂಕಣಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರಿದ್ದಾರೆ. ಪೋರ್ಚುಗೀಸ್ ಪದ್ರುವಾದೊ (ಚರ್ಚುಗಳ ಮೇಲೆ ಪೋರ್ಚುಗಲ್ ರಾಜನಿಗಿದ್ದ ಹಕ್ಕು) ಮತ್ತು ರೋಮಿನ ನಡುವಿನ ಜಗಳದ ಕಾಲದಲ್ಲಿ ಗೋವಾದ ಪಾದ್ರಿ ಅಲ್ವಾರಿಸ್ ರೋಮಿನಿಂದ ಬೇರೆಯಾದರು. 1889ರಲ್ಲಿ ಕೊಟ್ಟಾಯಂನಲ್ಲಿ ಅವರನ್ನು ಬಿಷಪ್ ಮಾಡಿ ಮಾರ್ ಜೂಲಿಯಸ್ ಅಂತ ಹೆಸರಿಟ್ಟರು. ಮಾರ್ ಅಂದರೆ ಸಿರಿಯಾಕ್‌ನಲ್ಲಿ ನನ್ನ ಒಡೆಯ. ಹೀಗೆ ಸಿರಿಯಾದ ಪದವಿ ನಮ್ಮ ಕರಾವಳಿಯ ಕೊಂಕಣಿಗರಿಗೂ ಬಂತು.

ಕೇರಳದ ಸಿರಿಯನ್ನರಲ್ಲಿ ಇನ್ನೂ ‘ಕೋರ್ ಎಪ್ಪಿಸ್ಕೋಪ’ ಅನ್ನುವ ಪದವಿ ಇದೆ. ಹಿಂದೆ ಅದು ಹಳ್ಳಿಗಾಡಿನ ಬಿಷಪ್. ಪಟ್ಟಣದ ಬಿಷಪ್‌ಗಳು ನಾಲ್ಕನೇ ಶತಮಾನದಲ್ಲಿ ನಿಯಮದ ಮೇಲೆ ನಿಯಮ ಮಾಡಿ ಅವರ ಅಧಿಕಾರ ಕತ್ತರಿಸಿದರು. ಈಗ ಅದು ಹಿರಿಯ ಪಾದ್ರಿಗಳಿಗೆ ಕೊಡುವ ಗೌರವ. ಪೋರ್ಚುಗೀಸರ ಕಡೆಯ ಸಭಾಧಿಕಾರ ಒಪ್ಪುವುದಿಲ್ಲ ಅಂತ ಆ ಸಿರಿಯನ್ನರು ಮಾಡಿದ 1653ರ ಕೂನನ್ ಶಿಲುಬೆ ಪ್ರತಿಜ್ಞೆಯ ನಂತರವೂ ಹಳೆಯ ಪ್ರಶ್ನೆಯೇ ಎದ್ದಿತು. ಹನ್ನೆರಡು ಪಾದ್ರಿಗಳು ತಮ್ಮ ಮುಖಂಡ ಆರ್ಚ್‌ಡೀಕನ್ ತೋಮನ ತಲೆ ಮೇಲೆ ಕೈಯಿಟ್ಟು ಬಿಷಪ್ ಮಾಡಿದರು. ಬಿಷಪ್ ಇಲ್ಲದೆ ಬಿಷಪ್ ಮಾಡಬಹುದಾ ಅಂತ ದೊಡ್ಡ ವಿವಾದ ಆಯಿತು.

ದಾವಣಗೆರೆ ಮೇಷ್ಟ್ರು:
ಬಹಳ ಒಳ್ಳೆಯ ಉದಾಹರಣೆ ಕೊಟ್ಟಿರಿ. ಅಲೆಕ್ಸಾಂಡ್ರಿಯದಲ್ಲಿ ಹೆರಾಕ್ಲಾಸ್ ಮತ್ತು ಡಿಯೊನೀಸಿಯಸ್ ಕಾಲದವರೆಗೂ ಹಿರಿಯರೇ ತಮ್ಮಲ್ಲಿ ಒಬ್ಬನನ್ನು ಆರಿಸಿ ಬಿಷಪ್ ಅಂತ ಕರೆಯುತ್ತಿದ್ದರು ಅಂತ ಹಳೆಯ ಕ್ರೈಸ್ತ ವಿದ್ವಾಂಸ ಜೆರೋಮ್ ಬರೆದಿದ್ದಾನೆ.

ಬಂಟ್ವಾಳ ಓದುಗ:
ಒಂದೇ ಊರಿನಲ್ಲಿ ಎಷ್ಟು ಜನ, ಯಾವ್ಯಾವ ಪದವಿಯಲ್ಲಿದ್ದರು ಅಂತ ಲೆಕ್ಕ ಎಲ್ಲಾದರೂ ಉಳಿದಿದೆಯಾ?

ಸೊಸೈಟಿ ಲೆಕ್ಕಿಗ:
ಇದೆ. 251ರ ಸುಮಾರಿಗೆ ರೋಮಿನ ಬಿಷಪ್ ಕೊರ್ನೇಲಿಯಸ್ ಅಂತಿಯೋಕ್ಯಕ್ಕೆ ಬರೆದ ಪತ್ರವನ್ನು ಸಭೆಯ ಇತಿಹಾಸ ಬರೆದ ಯುಸೇಬಿಯಸ್ ಉಳಿಸಿಕೊಟ್ಟಿದ್ದಾನೆ. ಬಿಷಪ್ ಒಬ್ಬ. ಪ್ರೆಸ್ಬಿಟರ್‌ಗಳು 46, ಡೀಕನ್‌ಗಳು 7, ಅವರ ಕೆಳಗಿನ ಸಬ್‌ಡೀಕನ್‌ಗಳು 7, ಅವರಿಗೂ ಕೆಳಗಿನ ಸಹಾಯಕರಾದ ಅಕೊಲೈಟ್‌ಗಳು 42, ಭೂತ ಬಿಡಿಸುವವರು, ಓದುವವರು, ಬಾಗಿಲು ಕಾಯುವವರು ಸೇರಿ 52. ಇವರ ಜೊತೆಗೆ ಸಭೆಯ ಅನ್ನ ತಿನ್ನುವ ವಿಧವೆಯರು, ಬಡವರು 1500ಕ್ಕಿಂತ ಜಾಸ್ತಿ. ಕಾನ್‌ಸ್ಟಂಟೈನ್ ಹುಟ್ಟುವುದಕ್ಕೂ ಮುಂಚಿನ ಮಾತು ಇದು.

ಗಡಿಯಾರ ಕಂಬ:
1500 ಜನಕ್ಕೆ ಊಟ ಹಾಕುತ್ತಿದ್ದರು ಅಂದರೆ ಸಣ್ಣ ಸಂಸ್ಥೆ ಅಲ್ಲ. ಹಾಗಾದರೆ ನನ್ನ ಪ್ರಶ್ನೆ ಹೀಗಿರಲಿ: ಈ ಹುದ್ದೆಗೆ ಜನ ಬಡಿದಾಡಲು ಶುರು ಮಾಡಿದ್ದು ಯಾವಾಗ?

ಹಂಪನಕಟ್ಟೆ:
366. ರೋಮಿನಲ್ಲಿ ದಮಾಸಸ್ ಮತ್ತು ಉರ್ಸಿನಸ್ ಬೆಂಬಲಿಗರು ಬೀದಿಯಲ್ಲಿ ಹೊಡೆದಾಡಿದರು. ಒಂದೇ ದಿನ ಒಂದು ಬಸಿಲಿಕಾದಲ್ಲಿ 137 ಹೆಣ ಸಿಕ್ಕಿದವು ಅಂತ ಅಮ್ಮಿಯಾನಸ್ ಬರೆದಿದ್ದಾನೆ. ಅವನು ಕ್ರೈಸ್ತನಲ್ಲದ ಇತಿಹಾಸಕಾರ. ಆಮೇಲೆ ಗೆದ್ದ ದಮಾಸಸ್‌ಗೆ ಹಳೆಯ ಧರ್ಮದ ಶ್ರೀಮಂತ ಪ್ರೇಟೆಕ್ಸ್ಟಾಟಸ್, ನನ್ನನ್ನು ರೋಮಿನ ಬಿಷಪ್ ಮಾಡಿ, ತಕ್ಷಣ ಕ್ರೈಸ್ತನಾಗುತ್ತೇನೆ ಅಂದನಂತೆ. ಇದನ್ನು ಹೇಳಿದ್ದು ಜೆರೋಮ್.

ಬೆಂದೂರ್ ಬಾಯಿ:
ಅದೇ ಕಾಲದಲ್ಲಿ ಬೇಡ ಅಂದರೂ ಬಿಡದೆ ಮಾಡಿದವರೂ ಇದ್ದಾರೆ. 374ರಲ್ಲಿ ಮಿಲಾನಿನಲ್ಲಿ ಆಂಬ್ರೋಸ್ ಗಲಾಟೆ ತಣಿಸಲು ಹೋದ ರಾಜ್ಯಪಾಲ. ಜನ ಅವನನ್ನೇ ಬಿಷಪ್ ಆಗು ಅಂತ ಕೂಗಿದರು. ಅವನಿಗೆ ಆಗ ದೀಕ್ಷಾಸ್ನಾನವೂ ಆಗಿರಲಿಲ್ಲ. ಒಂದೇ ಕಡೆ ನೋಡಿ ತೀರ್ಪು ಕೊಡುವುದು ನ್ಯಾಯವಲ್ಲ.

ಕಾಫಿತೋಟ:
ಆ ಕೊರ್ನೇಲಿಯಸ್ ಪಟ್ಟಿಯಲ್ಲಿ ಓದುವವರು ಅಂತ ಬಂತಲ್ಲ, ಅದೂ ಪದವಿಯಾ? ಬರೀ ಓದುವುದಕ್ಕೆ ಪದವಿ ಯಾಕೆ?

ದಾವಣಗೆರೆ ಮೇಷ್ಟ್ರು:
ಆಗ ಓದು ಬರುವವರೇ ಕಡಿಮೆ. ಪುಸ್ತಕ ಇನ್ನೂ ಕಡಿಮೆ. ಓದುವವನ ಬಳಿಯೇ ಸಭೆಯ ಪುಸ್ತಕ ಇರುತ್ತಿತ್ತು. ಇದಕ್ಕೆ ಒಂದು ಸರ್ಕಾರಿ ದಾಖಲೆಯೇ ಉಳಿದಿದೆ. 303ರ ಮೇ 19, ಇವತ್ತಿನ ಅಲ್ಜೀರಿಯಾದ ಸಿರ್ತಾ ಪಟ್ಟಣ. ಡಯೊಕ್ಲೀಷಿಯನ್‌ನ ಆಜ್ಞೆಯಂತೆ ಪುಸ್ತಕ ವಶಪಡಿಸಿಕೊಳ್ಳಲು ಅಧಿಕಾರಿಗಳು ಸಭೆಯ ಮನೆಗೆ ಬಂದರು. ಬಿಷಪ್ ಕೂತಿದ್ದ. ಪ್ರೆಸ್ಬಿಟರ್‌ಗಳು, ಡೀಕನ್‌ಗಳು, ಸಬ್‌ಡೀಕನ್‌ಗಳು, ಗೋರಿ ತೋಡುವವರು ಎಲ್ಲರೂ ಇದ್ದರು. ಗುಮಾಸ್ತ ಸಾಮಾನುಗಳ ಪಟ್ಟಿ ಬರೆದ: ಚಿನ್ನದ ಬಟ್ಟಲು 2, ಬೆಳ್ಳಿಯ ಬಟ್ಟಲು 6, ಹೆಂಗಸರ ಅಂಗಿ 82, ಗಂಡಸರ ಅಂಗಿ 16, ಹೆಂಗಸರ ಪಾದರಕ್ಷೆ 47 ಜೊತೆ. ಇವೆಲ್ಲ ಬಡವರಿಗೆ ಹಂಚಲು ಇಟ್ಟದ್ದು ಅನ್ನುವುದು ಸಾಮಾನ್ಯ ಅಭಿಪ್ರಾಯ.

ಪುಸ್ತಕ ಎಲ್ಲಿ ಅಂದಾಗ ಓದುವವರ ಬಳಿ ಇವೆ ಅಂದರು. ಅವರು ಯಾರು, ಎಲ್ಲಿದ್ದಾರೆ ಅಂದಾಗ ಸಬ್‌ಡೀಕನ್‌ಗಳು ನಾವು ಹಿಡಿದುಕೊಡುವವರಲ್ಲ ಅಂದರು. ಅವರನ್ನು ಬಂಧಿಸಿದರು. ಕೊನೆಗೆ ಅಧಿಕಾರಿಗಳು ಓದುವವರ ಮನೆಮನೆಗೂ ಹೋದರು. ಅವರಲ್ಲಿ ಒಬ್ಬ ಬಟ್ಟೆ ಹೊಲಿಯುವವನು, ಒಬ್ಬ ಶಾಲೆಯ ಮೇಷ್ಟ್ರು.

ಕಾಫಿತೋಟ:
ಆ ಮೇಷ್ಟ್ರ ಮನೆಯಲ್ಲಿ ಪುಸ್ತಕ ಸಿಕ್ಕಿತಾ?

ದಾವಣಗೆರೆ ಮೇಷ್ಟ್ರು:
ಸಿಕ್ಕಿತು. ಅದೂ ಪಟ್ಟಿಯಲ್ಲಿ ದಾಖಲಾಗಿದೆ.